ಬಳಸಿ ಎಸೆಯುವ ಮೆದು ಕಾಂಟ್ಯಾಕ್ಟ್ ಲೆನ್ಸ್

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ, ಕಣ್ಣೀರಿನ ತೆಳುಪದರದಲ್ಲಿ ತೇಲುತ್ತ ಕೂರುವ ಪುಟ್ಟ ಮಸೂರ. ನೀರು ಹೀರಿಕೊಂಡು ಮೆತ್ತಗಾಗುವ ಪ್ಲಾಸ್ಟಿಕ್ಕಿನಿಂದ ತಯಾರಾಗುತ್ತದೆ. ಅಡ್ಡಳತೆ ಸಾಮಾನ್ಯವಾಗಿ 14 ಮಿ.ಮೀ. ಆಸುಪಾಸು. ಸಮೀಪದೃಷ್ಟಿಗೆ ಹಾಕುವ ಲೆನ್ಸಿನ ನಡುಭಾಗದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಒಂದು ದಿನ, ಎರಡು ವಾರ ಅಥವಾ ಒಂದು ತಿಂಗಳು, ಹೀಗೆ ಗೊತ್ತುಪಡಿಸಿದ ಅವಧಿ ಮುಗಿದ ಕೂಡಲೇ ಇದನ್ನು ಬಿಸಾಡಿ ಹೊಸದನ್ನು ಹಾಕಿಕೊಳ್ಳಬೇಕು. ಸಮೀಪದೃಷ್ಟಿ, ದೂರದೃಷ್ಟಿ, ಅಸ್ಟಿಗ್ಮಾಟಿಸಂ, ನಲವತ್ತರ ನಂತರದ ಚಾಳೀಸು ಎಲ್ಲಕ್ಕೂ ಈಗ ಇಂಥ ಲೆನ್ಸುಗಳಿವೆ. ಇವುಗಳ ಪೊಟ್ಟಣದ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಎಚ್ಚರಿಕೆಗಳನ್ನು ಓದುವವರು ಕಡಿಮೆ. ಅವುಗಳಲ್ಲಿ ಬಹುಪಾಲು ಸಾಲುಗಳನ್ನು ಬರೆಸಿದ್ದು ಬಳಕೆದಾರರ ಕಣ್ಣಿಗೆ ಆದ ಹಾನಿ. ಆದ್ದರಿಂದಲೇ ಈ ಲೆನ್ಸಿನ ಚರಿತ್ರೆಯನ್ನೂ ಬಳಕೆಯ ನಿಯಮಗಳನ್ನೂ ಒಟ್ಟಿಗೆ ಓದಬೇಕು.

ಗಾಜಿನಿಂದ ಪ್ಲಾಸ್ಟಿಕ್ಕಿಗೆ

ಲೆಯೊನಾರ್ಡೊ ದಾ ವಿಂಚಿಯ 1508ರ ಟಿಪ್ಪಣಿಗಳಿಂದ ಈ ಚರಿತ್ರೆಯನ್ನು ಆರಂಭಿಸುವ ರೂಢಿಯಿದೆ. ನೀರು ತುಂಬಿದ ಪಾತ್ರೆಯಲ್ಲಿ ಮುಖವಿಟ್ಟು ನೋಡುವ ವಿಚಾರವನ್ನು ಅವನು ಬರೆದದ್ದು ಕಣ್ಣು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವುದಕ್ಕೆ. ದೃಷ್ಟಿದೋಷ ತಿದ್ದುವ ಉದ್ದೇಶ ಅಲ್ಲಿಲ್ಲ. ನಿಜವಾದ ಆರಂಭ 1888ರಲ್ಲಿ. ಜ್ಯೂರಿಕ್‌ನಲ್ಲಿದ್ದ ಜರ್ಮನ್ ನೇತ್ರವೈದ್ಯ ಅಡಾಲ್ಫ್ ಓಯ್ಗೆನ್ ಫಿಕ್ ಕಣ್ಣಿನ ಬಿಳಿಭಾಗದ ಮೇಲೆ ಅಂಚೂರಿ ಕೂರುವ ಗಾಜಿನ ಚಿಪ್ಪುಗಳನ್ನು ಮಾಡಿಸಿದ. ಮೊದಲು ಮೊಲಗಳ ಕಣ್ಣಿಗೆ, ಬಳಿಕ ತನ್ನ ಕಣ್ಣಿಗೆ, ಆಮೇಲೆ ಕೆಲವು ರೋಗಿಗಳ ಕಣ್ಣಿಗೆ ಹಾಕಿ ಪರೀಕ್ಷಿಸಿದ. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಕಾರ್ನಿಯಾ ಶಂಕುವಿನಂತೆ ಮುಂಚಾಚುವ ಕಾಯಿಲೆಗೆ ಗಾಜಿನ ಚಿಪ್ಪನ್ನು ಬಳಸಿ ನೋಡಿದ. ಮರುವರ್ಷ ಕೀಲ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದ ಆಗಸ್ಟ್ ಮುಲ್ಲರ್‌ಗೆ ತನ್ನದೇ ಕಣ್ಣಿನಲ್ಲಿ ಸುಮಾರು ಮೈನಸ್ 14ರಷ್ಟು ಸಮೀಪದೃಷ್ಟಿಯಿತ್ತು. ತಾನು ಮಾಡಿಸಿಕೊಂಡ ಗಾಜನ್ನು ಅವನು ಅರ್ಧ ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾಗಲಿಲ್ಲ.

ನೋವಿನ ಕಾರಣ ಗಾಜಿನ ಭಾರವಷ್ಟೇ ಆಗಿರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ತನಗೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಅದು ಕಣ್ಣೀರಿನ ಮೂಲಕ ನೇರವಾಗಿ ಗಾಳಿಯಿಂದ ಪಡೆಯುತ್ತದೆ. ಅದನ್ನು ಮುಚ್ಚಿದರೆ ಊದಿಕೊಂಡು ಮಂಜಾಗುತ್ತದೆ. ಮುಂದೆ ಬಂದ ಎಲ್ಲ ಲೆನ್ಸುಗಳೂ ಈ ಒಂದು ತೊಡಕಿಗೆ ಉತ್ತರ ಹುಡುಕಿದವು. 1930ರ ದಶಕದಲ್ಲಿ ಪ್ಲಾಸ್ಟಿಕ್ ಬಂತು. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕಾರ್ನಿಯಾವನ್ನಷ್ಟೇ ಆವರಿಸುವ ಚಿಕ್ಕ ಗಟ್ಟಿ ಲೆನ್ಸನ್ನು ರೂಪಿಸಿದ. ರೆಪ್ಪೆ ಮಿಟುಕಿಸಿದಾಗಲೆಲ್ಲ ಅದರಡಿಗೆ ಹೊಸ ಕಣ್ಣೀರು ನುಗ್ಗುತ್ತಿದ್ದುದರಿಂದ ಜನ ದಿನವಿಡೀ ಹಾಕಿಕೊಳ್ಳುವಂತಾಯಿತು, ಆದರೆ ಅದಕ್ಕೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕಾಗುತ್ತಿತ್ತು.

ಪ್ರಾಗ್‌ನಲ್ಲಿ ಹುಟ್ಟಿದ ಮೆದು ಲೆನ್ಸ್

ಈ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಋಣ ಸಲ್ಲಬೇಕಾದವನು ಚೆಕ್ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ (1913–1998). 1952ರಲ್ಲಿ ರೈಲು ಪ್ರಯಾಣದ ನಡುವೆ ಆರೋಗ್ಯ ಸಚಿವಾಲಯದ ಅಧಿಕಾರಿಯೊಬ್ಬರು ಲೋಹದ ಕೃತಕ ಕಣ್ಣಿನ ಬಗ್ಗೆ ಓದುತ್ತಿದ್ದುದನ್ನು ಅವನು ಗಮನಿಸಿದ. ದೇಹ ಒಪ್ಪಿಕೊಳ್ಳುವಂಥ ಪ್ಲಾಸ್ಟಿಕ್ ಇದಕ್ಕಿಂತ ಮೇಲು ಎಂದು ಅಲ್ಲಿಂದ ಶುರುವಾದ ಮಾತು ಸಂಶೋಧನೆಯಾಯಿತು. ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ ಜೊತೆಗೂಡಿ ಅವನು ಹೀಮಾ ಎಂಬ ರಾಸಾಯನಿಕದಿಂದ ಸುಮಾರು 38% ನೀರನ್ನು ಹಿಡಿದಿಟ್ಟುಕೊಳ್ಳುವ ಪಾರದರ್ಶಕ ಜೆಲ್ ತಯಾರಿಸಿದ. ಇಬ್ಬರ ಪ್ರಬಂಧ 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ, 1958ರಲ್ಲಿ, ಕಮ್ಯುನಿಸ್ಟ್ ಆಡಳಿತ ಅವನನ್ನು ಪ್ರಾಗ್‌ನ ರಸಾಯನ ತಂತ್ರಜ್ಞಾನ ಸಂಸ್ಥೆಯಿಂದ ಹೊರಹಾಕಿತ್ತು.

ಜೆಲ್ ಸಿಕ್ಕಿದರೂ ಅಂಚು ಹರಿಯದಂತೆ ಲೆನ್ಸನ್ನು ಅಚ್ಚಿನಿಂದ ಬಿಡಿಸುವುದು ಸಾಧ್ಯವಾಗಿರಲಿಲ್ಲ. ಸರ್ಕಾರ ಯೋಜನೆಗೆ ಬೆಂಬಲ ನಿಲ್ಲಿಸಿತು. ವಿಖ್ಟರ್ಲೆ ಕೆಲಸವನ್ನು ಮನೆಗೆ ತಂದ. 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಮರ್ಕುರ್ ಜೋಡಣೆ ಆಟಿಕೆಯ ತುಂಡುಗಳು, ಸೈಕಲ್ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಸೇರಿಸಿ ಯಂತ್ರವೊಂದನ್ನು ಕಟ್ಟಿದ. ತಿರುಗುವ ತೆರೆದ ಅಚ್ಚಿನಲ್ಲಿ ದ್ರವ ಹೊಯ್ದರೆ ಲೆನ್ಸಿನ ಹೊರಮೈಯನ್ನು ಅಚ್ಚು ರೂಪಿಸುತ್ತದೆ, ಒಳಮೈಯ ಬಾಗನ್ನು ತಿರುಗುವ ವೇಗ ನಿರ್ಧರಿಸುತ್ತದೆ. ಕ್ರಿಸ್‌ಮಸ್ ಹಿಂದಿನ ದಿನದ ಮಧ್ಯಾಹ್ನ ನಾಲ್ಕು ಲೆನ್ಸುಗಳು ಸಿದ್ಧವಾದವು. ಮುಂದಿನ ನಾಲ್ಕು ತಿಂಗಳಲ್ಲಿ ಪತ್ನಿ ಲಿಂಡಾಳ ನೆರವಿನಿಂದ ಮನೆಯಲ್ಲೇ ತಯಾರಾದ ಲೆನ್ಸುಗಳು ಸುಮಾರು 5,500.

1965ರಲ್ಲಿ ಇದರ ಹಕ್ಕು ಅಮೆರಿಕದ ನ್ಯಾಷನಲ್ ಪೇಟೆಂಟ್ ಡೆವಲಪ್‌ಮೆಂಟ್ ಕಾರ್ಪೊರೇಷನ್‌ಗೆ, ಅಲ್ಲಿಂದ ಬಾಷ್ ಆಂಡ್ ಲಾಂಬ್ ಕಂಪನಿಗೆ ಹೋಯಿತು. 1971ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ಕಂಪನಿಯ ಸಾಫ್‌ಲೆನ್ಸ್‌ಗೆ ಒಪ್ಪಿಗೆ ಕೊಟ್ಟಿತು. ವಿಖ್ಟರ್ಲೆಗೆ ಆಗ ಕಷ್ಟದ ದಿನಗಳು. 1968ರ ಪ್ರಾಗ್ ವಸಂತದಲ್ಲಿ ರಾಜಕೀಯ ಸುಧಾರಣೆಯ ಪರ ಸಹಿ ಹಾಕಿದ್ದಕ್ಕೆ ಅವನು ತಾನಿದ್ದ ಸಂಶೋಧನಾ ಸಂಸ್ಥೆಯ ನಿರ್ದೇಶಕ ಸ್ಥಾನ ಕಳೆದುಕೊಂಡಿದ್ದ. ಕೋಟ್ಯಂತರ ಡಾಲರಿನ ಉದ್ಯಮಕ್ಕೆ ಅಡಿಪಾಯ ಹಾಕಿದವನಿಗೆ ದಕ್ಕಿದ್ದು ಅದರ ಅತಿ ಸಣ್ಣ ಪಾಲು. ವಿಜ್ಞಾನದ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು. ಆಡಳಿತ ಬದಲಾದ ಮೇಲೆ, 1990ರಲ್ಲಿ, ಅವನು ಚೆಕೊಸ್ಲೊವಾಕ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾದ.

ಎಸೆಯುವ ಯೋಚನೆ ಬಂದದ್ದು

ಮೊದಲ ಮೆದು ಲೆನ್ಸುಗಳು ದುಬಾರಿ. ಒಂದೇ ಜೊತೆಯನ್ನು ವರ್ಷವೋ ಅದಕ್ಕಿಂತ ಹೆಚ್ಚೋ ಬಳಸುತ್ತಿದ್ದರು. ದಿನವೂ ತೊಳೆದು ಬಿಸಿಯಲ್ಲಿಟ್ಟು ಸೋಂಕು ನಿವಾರಿಸಬೇಕಿತ್ತು. ಕಣ್ಣೀರಿನ ಪ್ರೋಟೀನ್ ಈ ಬಿಸಿಗೆ ಗಟ್ಟಿಯಾಗಿ ಲೆನ್ಸಿಗೆ ಹತ್ತಿಕೊಳ್ಳುತ್ತಿತ್ತು. ಅದನ್ನು ಕರಗಿಸಲು ಕಿಣ್ವದ ಮಾತ್ರೆಗಳು ಬಂದವು. ಹೀಗೆ ಮೆತ್ತಿದ ಲೆನ್ಸ್ ಉಜ್ಜಿ ಉಜ್ಜಿ ರೆಪ್ಪೆಯ ಒಳಮೈಯಲ್ಲಿ ದಪ್ಪ ಗಂಟುಗಳು ಏಳುವುದನ್ನು ಬಾಸ್ಟನ್ನಿನ ಮಥೀಯಾ ಆಲನ್ಸ್‌ಮಿತ್ ಮತ್ತು ಸಂಗಡಿಗರು 1977ರಲ್ಲಿ ವಿವರಿಸಿದರು. ತುರಿಕೆ, ಲೋಳೆ, ಮಸುಕು, ಕೊನೆಗೆ ಲೆನ್ಸನ್ನೇ ಬಿಡಬೇಕಾದ ಸ್ಥಿತಿ.

ಪರಿಹಾರ ಡೆನ್ಮಾರ್ಕಿನಿಂದ ಬಂತು. ನೇತ್ರವೈದ್ಯ ಮೈಕೆಲ್ ಬೇ ಕಡಿಮೆ ಖರ್ಚಿನಲ್ಲಿ ಅಚ್ಚೊತ್ತಿ, ಉಪ್ಪುನೀರಿನ ಪುಟ್ಟ ಪೊಟ್ಟಣದಲ್ಲಿ ಮುಚ್ಚಿ ಮಾರುವ ಡಾನಾಲೆನ್ಸನ್ನು 1980ರ ದಶಕದ ಆರಂಭದಲ್ಲಿ ಹೊರತಂದ. ಜಾನ್ಸನ್ ಆಂಡ್ ಜಾನ್ಸನ್ ಅದರ ಹಕ್ಕನ್ನು ಕೊಂಡು, ಲೆನ್ಸನ್ನು ಒಣಗಿಸದೆ ಮೆದುವಾಗಿದ್ದಾಗಲೇ ಅಚ್ಚೊತ್ತುವ ವಿಧಾನವನ್ನು ಪಕ್ವಗೊಳಿಸಿ, 58% ನೀರಿರುವ ವಸ್ತುವಿನಿಂದ ಅಕ್ಯುವ್ಯೂ ಲೆನ್ಸನ್ನು 1987ರಲ್ಲಿ ಆಯ್ದ ಕಡೆ, 1988ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕಿಟ್ಟಿತು. ಒಂದು ವಾರ ಹಗಲೂ ರಾತ್ರಿ ಹಾಕಿಕೊಂಡು ಎಸೆಯುವುದು ಅದರ ಕ್ರಮ. ದಿನಕ್ಕೊಂದು ಲೆನ್ಸ್ ಎಂಬುದು 1990ರ ದಶಕದ ಮಧ್ಯದಲ್ಲಿ ನಿಜವಾಯಿತು. ಸ್ಕಾಟ್ಲೆಂಡಿನಲ್ಲಿ ರಾನ್ ಹ್ಯಾಮಿಲ್ಟನ್ ಕಟ್ಟಿದ ಅವಾರ್ಡ್ ಕಂಪನಿಯ ಲೆನ್ಸೂ ಒನ್ ಡೇ ಅಕ್ಯುವ್ಯೂ ಲೆನ್ಸೂ ಹೆಚ್ಚುಕಡಿಮೆ ಒಟ್ಟಿಗೇ ಪೇಟೆಗೆ ಬಂದವು.

ನಿದ್ದೆಯ ಅಪಾಯ

ಲೆನ್ಸ್ ಹಾಕಿಕೊಂಡೇ ಮಲಗಿ, ಎದ್ದ ಕೂಡಲೇ ಸ್ಪಷ್ಟವಾಗಿ ಕಾಣಬೇಕೆಂಬ ಆಸೆಗೆ ಅಮೆರಿಕ 1981ರಲ್ಲಿ 30 ದಿನಗಳವರೆಗೆ ಅನುಮತಿ ಕೊಟ್ಟಿತ್ತು. ಅದು ದುಡುಕಿನ ನಿರ್ಧಾರ. 1989ರಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಅಧ್ಯಯನವೊಂದು ಕಾರ್ನಿಯಾದ ಹುಣ್ಣುಗಳನ್ನು ಲೆಕ್ಕ ಹಾಕಿತು. ಹಗಲು ಮಾತ್ರ ಮೆದು ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ 4.1, ಹಾಕಿಕೊಂಡೇ ಮಲಗುವವರಲ್ಲಿ 20.9. ಅದೇ ವರ್ಷ 30 ದಿನಗಳ ಮಿತಿ 7ಕ್ಕೆ ಇಳಿಯಿತು.

ಆಮ್ಲಜನಕ ಸಾಲದಿರುವುದೇ ಇದಕ್ಕೆಲ್ಲ ಕಾರಣ ಎಂದು ಆಗ ಬಹಳ ಮಂದಿ ನಂಬಿದ್ದರು. ಕಾರ್ನಿಯಾ ಊದದಿರಲು ಲೆನ್ಸ್ ಎಷ್ಟು ಆಮ್ಲಜನಕವನ್ನು ಬಿಟ್ಟುಕೊಡಬೇಕೆಂದು ಸಿಡ್ನಿಯ ಬ್ರಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಸ್ 1984ರಲ್ಲೇ ಅಳತೆ ಕೊಟ್ಟಿದ್ದರು. ಹಳೆಯ ಜೆಲ್‌ನಲ್ಲಿ ಆಮ್ಲಜನಕ ಸಾಗುವುದು ನೀರಿನ ಮೂಲಕ, ಹಾಗಾಗಿ ಅದಕ್ಕೊಂದು ಮಿತಿಯಿತ್ತು. ಸಿಲಿಕೋನ್ ಬೆರೆಸಿದ ಹೈಡ್ರೊಜೆಲ್ ಲೆನ್ಸುಗಳು 1990ರ ದಶಕದ ಕೊನೆಯಲ್ಲಿ ಆ ಮಿತಿಯನ್ನು ದಾಟಿದವು. ಹೋಲ್ಡನ್ ಬಳಗದ ಹಲವು ದೀರ್ಘಾವಧಿ ಪ್ರಯೋಗಗಳು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಹಯೋಗದಲ್ಲಿ ನಡೆದವು.

ಊತ, ಕೆಂಪು ಕಡಿಮೆಯಾದವು, ಸೋಂಕು ಕಡಿಮೆಯಾಗಲಿಲ್ಲ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದ ಪ್ರಕಾರ ವರ್ಷಕ್ಕೆ 10,000 ಬಳಕೆದಾರರಲ್ಲಿ ಸೋಂಕಿನ ಪ್ರಮಾಣ ಹಗಲಷ್ಟೇ ಹಾಕುವ ಸಾಮಾನ್ಯ ಮೆದು ಲೆನ್ಸಿಗೆ 1.9, ದಿನಕ್ಕೊಂದರಂತೆ ಎಸೆಯುವ ಲೆನ್ಸಿಗೆ 2.0. ಹಾಕಿಕೊಂಡು ಮಲಗಿದರೆ ಹಳೆಯ ಜೆಲ್‌ಗೆ 19.5, ಸಿಲಿಕೋನ್ ಜೆಲ್‌ಗೆ 25.4. ಈ ನಾಲ್ಕು ಅಂಕಿಗಳನ್ನು ಬಳಕೆದಾರರೆಲ್ಲ ತಿಳಿದಿರಬೇಕು. ಲೆನ್ಸ್ ಎಷ್ಟೇ ಹೊಸದಾಗಿರಲಿ, ಎಷ್ಟೇ ಉತ್ತಮ ವಸ್ತುವಿನದಾಗಿರಲಿ, ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣೀರು ನಿಂತುಹೋಗುತ್ತದೆ, ರೋಗಾಣುಗಳಿಗೆ ಬೇರೂರಲು ಸಮಯ ಸಿಗುತ್ತದೆ. ಅವುಗಳಲ್ಲಿ ಮುಖ್ಯವಾದ ಸೂಡೊಮೊನಾಸ್ ಬ್ಯಾಕ್ಟೀರಿಯ ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ತಿಂದುಹಾಕಬಲ್ಲದು. ದಿನದ ಲೆನ್ಸಿನ ಲಾಭ ಬೇರೆ ಕಡೆ ಇದೆ. ಅದನ್ನು ಬಳಸುವವರಲ್ಲಿ ಸೋಂಕಾದರೂ ದೃಷ್ಟಿ ಹೋಗುವಷ್ಟು ತೀವ್ರವಾಗುವುದು ಕಡಿಮೆ ಎಂದು ಅದೇ ವರ್ಷದ ಲಂಡನ್ನಿನ ಅಧ್ಯಯನ ಕಂಡುಕೊಂಡಿತು.

ನೀರು, ಸಲ್ಯೂಷನ್

1985–86ರಲ್ಲಿ ಅಮೆರಿಕದಲ್ಲಿ ಅಕಾಂತಮೀಬ ಎಂಬ ಏಕಕೋಶ ಜೀವಿಯಿಂದ ಕಾರ್ನಿಯಾ ಹಾಳಾದ ಪ್ರಕರಣಗಳು ಒಮ್ಮೆಲೇ ಹೆಚ್ಚಿದವು. ವಿಚಾರಿಸಿದಾಗ ಹೆಚ್ಚಿನವರು ಲೆನ್ಸ್ ಬಳಸುವವರು, ಬಟ್ಟಿ ಇಳಿಸಿದ ನೀರಿಗೆ ಉಪ್ಪಿನ ಮಾತ್ರೆ ಹಾಕಿ ಲೆನ್ಸಿಗೆ ಬಳಸುವ ದ್ರಾವಣವನ್ನು, ಅಂದರೆ ಸಲ್ಯೂಷನ್ನನ್ನು, ಮನೆಯಲ್ಲೇ ಮಾಡಿಕೊಳ್ಳುತ್ತಿದ್ದವರು ಎಂದು ತಿಳಿಯಿತು. ಈ ಅಮೀಬ ನಲ್ಲಿ, ತೊಟ್ಟಿ, ಕೆರೆ, ಈಜುಕೊಳ ಎಲ್ಲೆಡೆ ಇರುತ್ತದೆ. ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಔಷಧಕ್ಕೂ ಜಗ್ಗದೆ ತಿಂಗಳುಗಟ್ಟಲೆ ನೋವು ಕೊಡುತ್ತದೆ. ಭಾರತದಲ್ಲಿ ಈ ಸೋಂಕು ಹೆಚ್ಚಾಗಿ ಲೆನ್ಸೇ ಹಾಕದವರಿಗೆ, ಕಣ್ಣಿಗಾದ ಗಾಯದಿಂದಲೋ ಕೊಳಕು ನೀರಿನಿಂದಲೋ ಬರುತ್ತದೆ. ನಮ್ಮ ಸುತ್ತಲಿನ ನೀರಿನಲ್ಲೇ ಅದು ಇದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

2006ರ ಪ್ರಕರಣ ಇನ್ನೂ ಕಳವಳಕಾರಿ. ಸಿಂಗಪುರ, ಹಾಂಗ್‌ಕಾಂಗ್, ಬಳಿಕ ಅಮೆರಿಕದಲ್ಲಿ ಫ್ಯುಸೇರಿಯಂ ಶಿಲೀಂಧ್ರದಿಂದ ಕಾರ್ನಿಯಾದ ಹುಣ್ಣುಗಳು ಕಾಣಿಸಿಕೊಂಡವು. ಅಮೆರಿಕದಲ್ಲಿ ದೃಢಪಟ್ಟ 164 ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದರಷ್ಟು ಜನರಿಗೆ ಕಾರ್ನಿಯಾ ಕಸಿ ಬೇಕಾಯಿತು. ಬಾಷ್ ಆಂಡ್ ಲಾಂಬ್ ತನ್ನ ರಿನ್ಯೂ ಮಾಯಿಶ್ಚರ್‌ಲಾಕ್ ಸಲ್ಯೂಷನ್ನನ್ನು ಮೇ ತಿಂಗಳಲ್ಲಿ ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ಪಡೆಯಿತು. ಲೆನ್ಸ್ ಇಡುವ ಕೇಸಿನಲ್ಲಿ ಉಳಿದ ಹಳೆಯ ಸಲ್ಯೂಷನ್ನಿಗೇ ಹೊಸದನ್ನು ಸುರಿಯುವ ಅಭ್ಯಾಸವೂ ಅಪಾಯ ಹೆಚ್ಚಿಸಿತ್ತು. ದಕ್ಷಿಣ ಭಾರತದ ಕಣ್ಣಾಸ್ಪತ್ರೆಗಳಿಗೆ ಈ ಶಿಲೀಂಧ್ರ ಹೊಸದಲ್ಲ. ಭತ್ತದ ಹೊಟ್ಟು, ಎಲೆಯ ಅಂಚು ತಾಗಿ ಗಾಯವಾದ ರೈತರ ಕಣ್ಣುಗಳನ್ನು ಅದು ಬಹುಕಾಲದಿಂದ ಕಾಡಿದೆ.

ಆಯ್ಕೆ

ಕನ್ನಡಕದ ಚೀಟಿಯನ್ನೇ ಕೊಟ್ಟು ಲೆನ್ಸ್ ಕೊಳ್ಳುವುದು ತಪ್ಪು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿಗೆ ಅಂಟಿರುತ್ತದೆ. ಪವರ್ 4 ದಾಟಿದರೆ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು, ಮೈನಸ್ 6.00ರ ಕನ್ನಡಕದವರಿಗೆ ಲೆನ್ಸಿನಲ್ಲಿ ಮೈನಸ್ 5.50ರ ಆಸುಪಾಸು ಸಾಕು. ಬೇಸ್ ಕರ್ವ್, ಅಂದರೆ ಒಳಮೈಯ ಬಾಗು, ಸಾಮಾನ್ಯವಾಗಿ 8.3ರಿಂದ 9.0 ಮಿ.ಮೀ. ನಡುವೆ. ಬಿಗಿಯಾದರೆ ಕಣ್ಣೀರು ಒಳಸಾಗುವುದಿಲ್ಲ, ಸಡಿಲವಾದರೆ ಜಾರಿ ಚುಚ್ಚುತ್ತದೆ. ರೆಪ್ಪೆ ಮಿಟುಕಿಸಿದಾಗ ಲೆನ್ಸ್ ಕೂದಲೆಳೆಯಷ್ಟು ಸರಿದು ಮತ್ತೆ ಜಾಗಕ್ಕೆ ಬರಬೇಕು, ಇದನ್ನು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಲು ಸಾಧ್ಯ. ಎಸೆಯುವ ಲೆನ್ಸ್ ಬರುವ ಮೊದಲು ಒಬ್ಬರಿಗೆ ಹಾಕಿ ನೋಡಿದ ಮಾದರಿ ಲೆನ್ಸನ್ನೇ ಶುಚಿಗೊಳಿಸಿ ಮತ್ತೊಬ್ಬರಿಗೂ ಹಾಕುತ್ತಿದ್ದರು. ಈಗ ಪ್ರತಿಯೊಬ್ಬರಿಗೂ ಹೊಸ ಮಾದರಿ.

ಸಿಲಿಂಡರ್ ಪವರ್, ಅಂದರೆ ಅಸ್ಟಿಗ್ಮಾಟಿಸಂ, ಇದ್ದವರಿಗೆ ತಿರುಗದೆ ನಿಲ್ಲುವ ಟಾರಿಕ್ ಲೆನ್ಸ್ ಬೇಕು. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಸಮೀಪದೃಷ್ಟಿ ಏರುವುದನ್ನು ನಿಧಾನಿಸುವ ದಿನದ ಲೆನ್ಸಿಗೆ ಅಮೆರಿಕ 2019ರಲ್ಲಿ ಅನುಮತಿ ಕೊಟ್ಟಿದೆ. ಅಪರೂಪಕ್ಕೆ ಹಾಕುವವರಿಗೆ, ಅಲರ್ಜಿ ಇರುವವರಿಗೆ, ತೊಳೆಯುವ ಶಿಸ್ತು ಕಷ್ಟವಾಗುವವರಿಗೆ ದಿನದ ಲೆನ್ಸೇ ಒಳ್ಳೆಯದು. ಅದರ ಖರ್ಚು ಹೆಚ್ಚೆಂದು ಎರಡು ದಿನ, ಮೂರು ದಿನ ಎಳೆಯುವುದಾದರೆ ತಿಂಗಳ ಲೆನ್ಸನ್ನು ಸರಿಯಾಗಿ ತೊಳೆದು ಹಾಕುವುದು ಮೇಲು. ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಇದೇ ಪರೀಕ್ಷೆ ಅಗತ್ಯ. ಮದುವೆ ಮೇಕಪ್ಪಿಗೆಂದು ಒಬ್ಬರ ಲೆನ್ಸನ್ನು ಇನ್ನೊಬ್ಬರು ಹಾಕಿಕೊಳ್ಳಲೇಬಾರದು.

ಬಳಕೆ

ಸೋಪು ಹಾಕಿ ಕೈ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿಕೊಂಡ ಮೇಲೆಯೇ ಲೆನ್ಸ್ ಮುಟ್ಟಬೇಕು. ಹಸಿಮೆಣಸಿನಕಾಯಿ ಹೆಚ್ಚಿದ ಅಥವಾ ತಲೆಗೆ ಎಣ್ಣೆ ಹಚ್ಚಿದ ಬೆರಳಾದರೆ ಎರಡು ಸಲ ತೊಳೆಯುವುದು ಲೇಸು. ಬೆರಳ ತುದಿಯಲ್ಲಿಟ್ಟಾಗ ಅಂಚು ಬಟ್ಟಲಿನಂತೆ ನೆಟ್ಟಗಿರಬೇಕು. ಹೊರಚಾಚಿದ್ದರೆ ಮಗುಚಿಕೊಂಡಿದೆ ಎಂದರ್ಥ. ಕಾಡಿಗೆಗೆ ಮೊದಲು ಲೆನ್ಸ್ ಹಾಕಬೇಕು, ಕಾಡಿಗೆ ಒರೆಸುವ ಮೊದಲು ತೆಗೆಯಬೇಕು. ಸ್ನಾನ, ಈಜು, ನಿದ್ದೆ ಮೂರಕ್ಕೂ ಮುನ್ನ ತೆಗೆದಿಡಬೇಕು. ದಿನದ ಲೆನ್ಸನ್ನು ತೆಗೆದ ಮೇಲೆ ಮತ್ತೆ ಹಾಕುವಂತಿಲ್ಲ. ತಿಂಗಳ ಲೆನ್ಸಿನ ಅವಧಿ ಪೊಟ್ಟಣ ಒಡೆದ ದಿನದಿಂದ ಶುರುವಾಗುತ್ತದೆ, ನಡುವೆ ಹಾಕದ ದಿನಗಳನ್ನು ಕಳೆಯುವಂತಿಲ್ಲ. ತೆಗೆದಾಗ ಅಂಗೈಯಲ್ಲಿಟ್ಟು ಹೊಸ ಸಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಬೇಕು. ಕೇಸನ್ನು ದಿನವೂ ಬರಿದು ಮಾಡಿ, ಸಲ್ಯೂಷನ್ನಿನಿಂದಲೇ ತೊಳೆದು, ಮಗುಚಿಟ್ಟು ಒಣಗಿಸಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಸರಿಯಾದ ಪವರಿನ ಕನ್ನಡಕ ಸದಾ ಕೈಗೆಟುಕುವಂತಿರಲಿ. ಅದಿಲ್ಲದವರು ಕಣ್ಣು ಕೆಂಪಾದಾಗಲೂ ಲೆನ್ಸ್ ಬಿಡುವುದಿಲ್ಲ.

ನೋವು, ಕೆಂಪು, ಬೆಳಕು ಚುಚ್ಚುವುದು, ಮಸುಕು ಇವುಗಳಲ್ಲಿ ಯಾವುದು ಕಾಣಿಸಿದರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಶಿಲೀಂಧ್ರದ ಹುಣ್ಣನ್ನು ಉಲ್ಬಣಿಸುತ್ತದೆ. ಲೆನ್ಸನ್ನೂ ಕೇಸನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಪ್ರಯೋಗಾಲಯದವರು ರೋಗಾಣುವನ್ನು ಎಷ್ಟೋ ಸಲ ಅವುಗಳಿಂದಲೇ ಗುರುತಿಸುತ್ತಾರೆ.