ತಂಬಾಕು ನಮ್ಮ ಎರೀ ಹೊಲಕ್ಕೆ ಒಗ್ಗಿದ ಬಗೆ



ನಿಪಾಣಿಯ ತಂಬಾಕು ಅಜ್ಜ-ಮುತ್ತಜ್ಜರ ಬೆಳೆ ಎನ್ನುತ್ತೇವೆ. ಆದರೆ ಅದರ ತವರುಮನೆ ಅಮೇರಿಕಾ ಖಂಡ. ಪೋರ್ತುಗೀಜರು ಅದನ್ನು ಹಡಗಿನಲ್ಲಿ ಈ ದೇಶಕ್ಕೆ ತಂದರು. 1604ರ ಸುಮಾರಿಗೆ ಅಕ್ಬರ ಬಾದಶಹನ ರಾಯಭಾರಿ ಅಸದ್ ಬೇಗನು ಬಿಜಾಪುರದಲ್ಲಿ ತಂಬಾಕು ಕಂಡು, ಹೊಸ ಪದಾರ್ಥವೆಂದು ದರಬಾರಕ್ಕೆ ಒಯ್ದನು.

ಪರದೇಶದ ಗಿಡ ಇಲ್ಲಿ ಹ್ಯಾಂಗ ಒಗ್ಗಿತು? ಒಕ್ಕಲಿಗನೇ ಅದನ್ನು ನಮ್ಮ ಹವೆಗೆ ಹೊಂದಿಸಿದ. ಒಂದು ಗ್ರಾಮಿನಲ್ಲಿ 10,000ಕ್ಕೂ ಹೆಚ್ಚು ಬೀಜ; ಜೋರು ಮಳೆಗೆ ಹೊಲದಲ್ಲಿ ನಿಲ್ಲಲಾರವು. ಅದಕ್ಕೇ ಮುಂಗಾರಿನಲ್ಲಿ ಮಡಿ ಮಾಡಿ ಅಗಿ ಬೆಳೆಸಿ, ಮಳೆಯ ಜೋರು ತಗ್ಗಿದ ಮೇಲೆ ಹೊಲಕ್ಕೆ ಹಚ್ಚುವ ರೂಢಿ ಬಂತು. ಮುಂದೆ ಎರೀ ಮಣ್ಣು ಹಿಡಿದಿಟ್ಟ ಹಸಿಯೇ ಗಿಡವನ್ನು ಸಾಕುತ್ತದೆ. ತುದಿ ಮುರಿದು, ಬಗಲಿನ ಕುಡಿ ಚಿವುಟಿದರೆ ಸತ್ವವೆಲ್ಲ ಎಲೆಗೆ. ಆಂಧ್ರದ ಸಿಗರೇಟು ತಂಬಾಕಿಗೆ ಕಾವು ಕೊಡುವ ಮನೆ ಬೇಕು. ನಮ್ಮ ಬೀಡಿ ತಂಬಾಕಿಗೆ ಬಿಸಿಲೇ ಸಾಕು.

ಹೊಲವೇನೋ ಒಪ್ಪಿತು, ಪ್ಯಾಟಿ ಒಪ್ಪಲಿಲ್ಲ. 1981ರಲ್ಲಿ ಯೋಗ್ಯ ಬೆಲೆಗಾಗಿ ನಿಪಾಣಿಯ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲಿನಲ್ಲಿ ಗೋಲಿಬಾರ ಆಗಿ ರೈತರು ಜೀವ ತೆತ್ತರು.

ಚಿಕ್ಕೋಡಿಯಿರಲಿ, ರಾಯಬಾಗ, ಅಥಣಿ, ಕಾಗವಾಡವಿರಲಿ, ಹೊಸ ಬೆಳೆ ಹಚ್ಚುವ ಮುಂಚೆ ಮಳೆ-ಮಣ್ಣಿನ ಜೊತೆಗೆ ಪ್ಯಾಟಿಯ ಹದವನ್ನೂ ನೋಡಿರಿ.