ತೋಕ್ವಿಲನ ಅಮೆರಿಕಯಾತ್ರೆಯೂ ಎರಡು ಖಂಡಗಳ ಮನೋಧರ್ಮವೂ

ಕ್ರಿ. ಶ. 1831ನೆಯ ಇಸವಿ ಏಪ್ರಿಲ್ ತಿಂಗಳ 2ನೆಯ ತಾರೀಖಿನಂದು ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ಇಬ್ಬರು ತರುಣ ನ್ಯಾಯಾಧಿಕಾರಿಗಳು ಅಮೆರಿಕಕ್ಕೆ ಹಡಗು ಹತ್ತಿದರು. ಒಬ್ಬನು ಇಪ್ಪತ್ತೈದು ವರ್ಷದ ಅಲೆಕ್ಸಿ ದ ತೋಕ್ವಿಲ್. ಮತ್ತೊಬ್ಬನು ಅವನ ಮಿತ್ರನಾದ ಗುಸ್ತಾವ್ ದ ಬೋಮೊಂ. ಆ ದೇಶದ ಸೆರೆಮನೆಗಳ ಏರ್ಪಾಡನ್ನು ನೋಡಿ ಬಂದು ಸರ್ಕಾರಕ್ಕೆ ವರದಿಯೊಪ್ಪಿಸುವುದು ಅವರಿಗೆ ವಹಿಸಿದ್ದ ಕಾರ್ಯ. ಹೊರಗಿನ ಕಾರಣ ಇದು; ಒಳಗಿನ ಕಾರಣ ಬೇರೆ.

ತೋಕ್ವಿಲನು ಪ್ರಾಚೀನವಾದ ಸರದಾರವಂಶದಲ್ಲಿ ಹುಟ್ಟಿದವನು. ಅವನ ತಾಯಿಯ ಅಜ್ಜನಾದ ಮಾಲ್ಸೆರ್ಬನು ಹದಿನಾರನೆಯ ಲೂಯಿ ದೊರೆಯ ಪರವಾಗಿ ವಾದಿಸಿದವನು; ಕ್ರಾಂತಿಕಾರರು 1794ರಲ್ಲಿ ಅವನ ಶಿರಚ್ಛೇದ ಮಾಡಿಸಿದರು. ತಂದೆತಾಯಿಗಳೂ ಸೆರೆಮನೆಯಲ್ಲಿ ಮೃತ್ಯುವನ್ನೇ ಎದುರುನೋಡುತ್ತಿದ್ದು, ಅದೇ ವರ್ಷ ರೊಬೆಸ್ಪಿಯೇರನು ಪತನಹೊಂದಿದ್ದರಿಂದ ಉಳಿದುಕೊಂಡರು. ಇಂತಹ ಮನೆಯಲ್ಲಿ ಬೆಳೆದವನಿಗೆ ಸಮಾನತೆಯೆಂಬುದು ಪುಸ್ತಕದ ಮಾತಾಗಿರಲಿಲ್ಲ, ಮನೆಯವರ ಕೊರಳಿಗೆ ಬಂದಿದ್ದ ಮಾತಾಗಿತ್ತು. 1830ರ ಜುಲೈ ತಿಂಗಳಲ್ಲಿ ಮತ್ತೊಮ್ಮೆ ಪ್ಯಾರಿಸಿನಲ್ಲಿ ದಂಗೆಯೆದ್ದು, ಹತ್ತನೆಯ ಚಾರ್ಲ್ಸನು ಸಿಂಹಾಸನವನ್ನು ಬಿಟ್ಟು ಓಡಿದನು. ಹೊಸ ದೊರೆ ಲೂಯಿ ಫಿಲಿಪ್ಪನಿಗೆ ತೋಕ್ವಿಲನು ನಿಷ್ಠೆಯ ಪ್ರಮಾಣವನ್ನು ಮಾಡಿದನಾದರೂ ಮನಸ್ಸು ನೆಮ್ಮದಿಯಾಗಿರಲಿಲ್ಲ. ಸಮಾನತೆಯು ಬಂದೇ ಬರುವುದೆಂದು ಅವನಿಗೆ ನಿಶ್ಚಯವಾಗಿತ್ತು. ಯೂರೋಪಿನಲ್ಲಿ ಅದು ರಕ್ತದಲ್ಲಿ ಕಾಲಿಟ್ಟು ಬಂದಿತು. ರಕ್ತವಿಲ್ಲದೆ ಅದು ನೆಲೆಸಿರುವ ದೇಶವೊಂದುಂಟೆ? ಇದನ್ನು ಕಣ್ಣಾರೆ ನೋಡಬೇಕೆಂಬುದೇ ಅವನ ಇಚ್ಛೆ. ಒಂಬತ್ತು ತಿಂಗಳು ಸುತ್ತಿ ನೋಡಿದುದರ ಫಲವೇ 1835ರಲ್ಲಿಯೂ 1840ರಲ್ಲಿಯೂ ಎರಡು ಭಾಗಗಳಾಗಿ ಹೊರಬಂದ ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತ ಗ್ರಂಥ. ಎರಡು ಖಂಡಗಳ ಜನರ ಸ್ವಭಾವಭೇದವನ್ನು ತಿಳಿಯಲಪೇಕ್ಷಿಸುವವರು ಇಂದಿಗೂ ಆ ಗ್ರಂಥದ ಬಾಗಿಲಿನಿಂದಲೇ ಒಳಹೊಗುತ್ತಾರೆ.

ಅವನಿಗೆ ಮೊದಲು ಆಶ್ಚರ್ಯವನ್ನುಂಟುಮಾಡಿದುದು ಅಲ್ಲಿನ ಊರಾಡಳಿತ. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಎರಡು ಮೂರು ಸಾವಿರ ಜನರಿರುವ ಒಂದೊಂದು ಊರೂ ತನ್ನ ಕಾರ್ಯವನ್ನು ತಾನೇ ನಡೆಸಿಕೊಳ್ಳುತ್ತಿದ್ದಿತು. ತೂಕ ಅಳತೆಗಳನ್ನು ಪರೀಕ್ಷಿಸುವವನು, ಬೇಲಿಗಳನ್ನು ನೋಡಿಕೊಳ್ಳುವವನು, ಮರಮುಟ್ಟನ್ನು ಅಳೆಯುವವನು ಎಂದು ಮುಖ್ಯರಾದ ಹತ್ತೊಂಬತ್ತು ಬಗೆಯ ಅಧಿಕಾರಿಗಳನ್ನು ಅವನು ಲೆಕ್ಕಹಾಕಿದ್ದಾನೆ. ಫ್ರಾನ್ಸಿನಲ್ಲಾದರೋ 1800ರಲ್ಲಿ ನೆಪೋಲಿಯನ್ನನು ನೇಮಿಸಿದ ಪ್ರಿಫೆಕ್ಟರೆಂಬ ಅಧಿಕಾರಿಗಳ ಮೂಲಕ ಸಕಲವೂ ಪ್ಯಾರಿಸಿನ ಅಪ್ಪಣೆಯಂತೆ ನಡೆಯುತ್ತಿದ್ದಿತು. ದೊರೆಗಳು ಬದಲಾದರು, ಪ್ರಿಫೆಕ್ಟರು ಬದಲಾಗಲಿಲ್ಲ.

ಸಂಘಗಳ ವಿಷಯದಲ್ಲಿ ಈ ಭೇದವು ಇನ್ನೂ ಸ್ಫುಟವಾಗಿ ಕಾಣುತ್ತದೆ. ಒಂದು ಲಕ್ಷ ಜನರು ಒಟ್ಟುಗೂಡಿ ಮದ್ಯವನ್ನು ಮುಟ್ಟುವುದಿಲ್ಲವೆಂದು ಬಹಿರಂಗವಾಗಿ ಪ್ರತಿಜ್ಞೆಮಾಡಿರುವರೆಂಬುದನ್ನು ಕೇಳಿ ತೋಕ್ವಿಲನು ಮೊದಲು ಅದನ್ನು ಪರಿಹಾಸವೆಂದೇ ತಿಳಿದನು. ಕುಡಿಯುವುದನ್ನು ಬಿಡಬೇಕಾದವನು ತನ್ನ ಮನೆಯಲ್ಲಿಯೇ ನೀರು ಕುಡಿದುಕೊಂಡಿರಬಾರದೆ? ಕ್ರಮೇಣ ಅವನಿಗೆ ಅರ್ಥವಾಯಿತು. ಫ್ರಾನ್ಸಿನಲ್ಲಾಗಿದ್ದರೆ ಆ ಒಂದು ಲಕ್ಷ ಜನರು ಮದ್ಯದಂಗಡಿಗಳ ಮೇಲೆ ಕಣ್ಣಿಡಬೇಕೆಂದು ಸರ್ಕಾರಕ್ಕೆ ಒಬ್ಬೊಬ್ಬರಾಗಿ ಅರ್ಜಿಕೊಡುತ್ತಿದ್ದರು. ಹೊಸ ಉದ್ಯಮವೊಂದರ ತಲೆಯಲ್ಲಿ ಫ್ರಾನ್ಸಿನಲ್ಲಿ ಸರ್ಕಾರವನ್ನೂ, ಇಂಗ್ಲೆಂಡಿನಲ್ಲಿ ದೊಡ್ಡ ಪ್ರಭುವನ್ನೂ, ಅಮೆರಿಕದಲ್ಲಿ ಸಂಘವನ್ನೂ ಕಾಣಬಹುದೆಂಬುದು ಅವನ ಸಿದ್ಧಾಂತ. ಆದರೆ ಇದು ಸ್ವಭಾವದ ಮಾತು ಮಾತ್ರವಲ್ಲ, ಕಾಯಿದೆಯ ಮಾತು ಕೂಡ. 1810ರ ಫ್ರೆಂಚ್ ದಂಡಸಂಹಿತೆಯ 291ನೆಯ ಪ್ರಕರಣದಂತೆ ಇಪ್ಪತ್ತು ಜನರಿಗಿಂತ ಹೆಚ್ಚಾದ ಸಂಘವು ಸರ್ಕಾರದ ಅನುಮತಿಯಿಲ್ಲದೆ ಸೇರಕೂಡದು. ಸಂಘಸ್ವಾತಂತ್ರ್ಯವು ಫ್ರೆಂಚರಿಗೆ ಸಂಪೂರ್ಣವಾಗಿ ದೊರೆತುದು 1901ರಲ್ಲಿ. ನೂರು ವರ್ಷ ಕಾಲು ಕಟ್ಟಿಸಿಕೊಂಡಿದ್ದವನನ್ನು ನಡೆಯಲಾರದವನೆಂದು ನಿಂದಿಸುವುದು ನ್ಯಾಯವಲ್ಲ.

ಮತವಿಷಯದಲ್ಲಿ ಅವನು ಕಂಡುದು ಯೂರೋಪಿನವರಿಗೆ ನಂಬಲಾಗದಂತಹುದು. ಅವನು ಹಡಗು ಹತ್ತುವುದಕ್ಕೆ ಎರಡು ತಿಂಗಳೊಳಗೆ, 1831ರ ಫೆಬ್ರುವರಿಯಲ್ಲಿ, ಪ್ಯಾರಿಸಿನ ಜನರು ಆರ್ಚ್‌ಬಿಷಪ್ಪನ ಅರಮನೆಯನ್ನು ಸೂರೆಮಾಡಿದ್ದರು. ಸಿಂಹಾಸನದ ಮೇಲಿನ ಕೋಪ ಪೀಠದ ಮೇಲೂ ಹರಿಯಿತು. ಏಕೆಂದರೆ ಅವೆರಡೂ ಒಂದನ್ನೊಂದು ಆತುಕೊಂಡು ನಿಂತಿದ್ದುವು. ಅಮೆರಿಕದಲ್ಲಿಯೋ ಸಮಾನತೆಯೂ ಇದ್ದಿತು, ಭಕ್ತಿಯೂ ಇದ್ದಿತು. ಇದರ ಕಾರಣವೇನೆಂದು ಅವನು ಎಲ್ಲ ಪಂಗಡಗಳ ಪಾದ್ರಿಗಳನ್ನೂ ಕೇಳಿದನು. ಕ್ಯಾಥೊಲಿಕರೂ ಸೇರಿ ಎಲ್ಲರೂ ರಾಜ್ಯವೂ ಮತವೂ ಬೇರೆಬೇರೆಯಾಗಿರುವುದೇ ಕಾರಣವೆಂದರು. 1791ರ ತಿದ್ದುಪಡಿಯು ಕೇಂದ್ರ ಸರ್ಕಾರವು ಯಾವ ಮತವನ್ನೂ ರಾಜಮತವನ್ನಾಗಿ ಮಾಡಕೂಡದೆಂದು ವಿಧಿಸಿದ್ದಿತು. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಮಾತ್ರ ಉಳಿದಿದ್ದ ಹಳೆಯ ಏರ್ಪಾಡು 1833ರಲ್ಲಿ ಹೋಯಿತು. ಫ್ರಾನ್ಸಿನಲ್ಲಿಯೂ 1905ರಲ್ಲಿ ಇಂತಹುದೇ ವಿಚ್ಛೇದವಾಯಿತು. ಆದರೆ ಅಮೆರಿಕದಲ್ಲಿ ಮತವನ್ನು ಸರ್ಕಾರದಿಂದ ಕಾಪಾಡುವುದಕ್ಕಾಗಿ ಗೋಡೆ ಕಟ್ಟಿದರು, ಫ್ರಾನ್ಸಿನಲ್ಲಿ ಸರ್ಕಾರವನ್ನು ಮತದಿಂದ ಕಾಪಾಡುವುದಕ್ಕಾಗಿ. ಗೋಡೆ ಒಂದೇ ಬಗೆಯದು. ಕಟ್ಟಿದವರ ಭಯ ಬೇರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಸ್ತೋತ್ರಪಾಠವಾಗುತ್ತದೆ. ತೋಕ್ವಿಲನು ಒಹಾಯೋ ನದಿಯಲ್ಲಿ ಸಾಗುತ್ತಿದ್ದಾಗ ಎಡದಂಡೆಯಲ್ಲಿ ಕೆಂಟಕಿ, ಬಲದಂಡೆಯಲ್ಲಿ ಒಹಾಯೋ. ನೆಲ ಒಂದೇ, ಗಾಳಿ ಒಂದೇ, ಜನರ ಮೂಲವೂ ಒಂದೇ. ಭೇದವೊಂದೇ: ಎಡದಂಡೆಯಲ್ಲಿ ಗುಲಾಮರನ್ನಿಟ್ಟುಕೊಳ್ಳಬಹುದು, ಬಲದಂಡೆಯಲ್ಲಿ ಕೂಡದು. ನಮ್ಮ ತಾರ್ಕಿಕರು ಅನ್ವಯವ್ಯತಿರೇಕಗಳಿಂದ ಕಾರಣವನ್ನು ನಿರ್ಣಯಿಸಬೇಕೆನ್ನುವರಷ್ಟೆ. ಅದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ದೊರೆಯದು. ಕೆಂಟಕಿ 1792ರಲ್ಲಿಯೂ ಒಹಾಯೋ 1803ರಲ್ಲಿಯೂ ಒಕ್ಕೂಟವನ್ನು ಸೇರಿದುವು. ಆದರೂ 1830ರ ಜನಗಣತಿಯಲ್ಲಿ ಹಿರಿಯದರ ಜನಸಂಖ್ಯೆ ಸುಮಾರು 6 ಲಕ್ಷ 88 ಸಾವಿರ, ಕಿರಿಯದರದು 9 ಲಕ್ಷ 38 ಸಾವಿರ. ಒಂದು ದಂಡೆಯಲ್ಲಿ ದುಡಿಮೆಯೆಂದರೆ ಗುಲಾಮನ ಕೆಲಸವೆಂಬ ಅವಮಾನ. ಇನ್ನೊಂದರಲ್ಲಿ ಅದೇ ಮರ್ಯಾದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಮೆಂಫಿಸ್ ಎಂಬಲ್ಲಿ ಮತ್ತೊಂದು ದೃಶ್ಯವನ್ನು ಕಂಡನು. 1830ರ ಕಾಯಿದೆಯ ಅನ್ವಯ ಚಾಕ್ಟಾ ಎಂಬ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ಮಿಸಿಸಿಪ್ಪಿ ನದಿಯ ಆಚೆಗೆ ಸಾಗಿಸುತ್ತಿದ್ದರು. ಕಠೋರವಾದ ಚಳಿ, ಹೊಳೆಯಲ್ಲಿ ಮಂಜುಗಡ್ಡೆಗಳು ತೇಲುತ್ತಿದ್ದುವು. ಗಾಯಗೊಂಡವರು, ಮುದುಕರು, ಆಗತಾನೆ ಹುಟ್ಟಿದ ಕೂಸುಗಳು, ಎಲ್ಲರೂ ಮೌನವಾಗಿ ದೋಣಿಯನ್ನೇರಿದರು. ದಂಡೆಯಲ್ಲಿ ಉಳಿದ ನಾಯಿಗಳು ಒಡೆಯರು ಹೋಗುತ್ತಿರುವರೆಂದು ತಿಳಿದು ಊಳಿಟ್ಟು, ಆ ಹಿಮದ ನೀರಿಗೆ ಹಾರಿ ದೋಣಿಯ ಹಿಂದೆ ಈಜಿದುವು. ಸರ್ವವೂ ಕಾಯಿದೆಯ ಪ್ರಕಾರವಾಗಿ, ಕರಾರುಪತ್ರಗಳ ಸಹಿತವಾಗಿ ನಡೆಯಿತೆಂಬುದೇ ಅವನಿಗೆ ಅತ್ಯಂತ ಭಯಂಕರವಾಗಿ ತೋರಿತು.

ಯೂರೋಪಿನವರು ಈ ಪುಟಗಳನ್ನೋದಿ ತಮ್ಮನ್ನು ತಾವು ಕೊಂಡಾಡಿಕೊಳ್ಳುವುದಕ್ಕೆ ಅವಕಾಶವಿಲ್ಲ. ಅವರ ಗುಲಾಮರು ಕಣ್ಣಿಗೆ ಕಾಣದಂತೆ ದೂರದ ದ್ವೀಪಗಳಲ್ಲಿದ್ದರು. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ತೆಗೆಯಬೇಕೆಂದು 1839ರಲ್ಲಿ ವರದಿಮಾಡಿದವನು ತೋಕ್ವಿಲನೇ. ಅದು ನಡೆದುದು 1848ರಲ್ಲಿ. ಆದರೆ ಅದೇ ತೋಕ್ವಿಲನು ಫ್ರೆಂಚರು 1830ರಿಂದ ಮಾಡುತ್ತಿದ್ದ ಆಲ್ಜೀರಿಯದ ಆಕ್ರಮಣವನ್ನು ಸಮರ್ಥಿಸಿದನು. ಚಾಕ್ಟಾ ಜನರಿಗಾಗಿ ಮರುಗಿದ ಕಣ್ಣು ಅರಬರ ಕಡೆಗೆ ಒಣಗಿಯೇ ಇದ್ದಿತು.

ಅನ್ನ ಮತ್ತು ಮತದಾನಗಳ ವಿಷಯಕ್ಕೆ ಬರೋಣ. 1831ರ ಕಾಯಿದೆಯಂತೆ ಮೂರು ಕೋಟಿಗೂ ಮೀರಿದ ಫ್ರೆಂಚರಲ್ಲಿ ಮತದಾರರು ಸುಮಾರು 1 ಲಕ್ಷ 66 ಸಾವಿರ ಮಾತ್ರ. ತೆರಿಗೆ ಕಟ್ಟುವ ಧನಿಕರಿಗಷ್ಟೆ ಆ ಹಕ್ಕು. ಪ್ರಷ್ಯದಲ್ಲಿ ತೆರಿಗೆಯ ಪ್ರಮಾಣವನ್ನು ನೋಡಿ ಮತದಾರರನ್ನು ಮೂರು ವರ್ಗಮಾಡುವ ಪದ್ಧತಿಯು 1918ರವರೆಗೆ ನಡೆಯಿತು. ಅಮೆರಿಕದ ಬಿಳಿಯ ಕೂಲಿಗಾರನಿಗೆ ಬಹುಮಟ್ಟಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಕಾರ್ಖಾನೆಗಳು ಬರುವ ಮುನ್ನವೇ ಮತಾಧಿಕಾರ ದೊರೆತಿತ್ತು. 1862ರ ಕಾಯಿದೆಯ ಮೇಲೆ, ಐದು ವರ್ಷ ಸಾಗುವಳಿಮಾಡಿದವನಿಗೆ 160 ಎಕರೆ ಭೂಮಿಯೂ ದೊರೆಯಬಹುದಾಗಿದ್ದಿತು. ಯೂರೋಪಿನ ಕೂಲಿಗಾರನು ಅನ್ನಕ್ಕೂ ಮತಕ್ಕೂ ಏಕಕಾಲದಲ್ಲಿ ಹೋರಾಡಬೇಕಾಯಿತು. ಆದುದರಿಂದ ಒಂದು ವರ್ಗವಾಗಿ ಒಗ್ಗೂಡಿದನು. ಅಮೆರಿಕದಲ್ಲಿ ಸಮಾಜವಾದವೇಕೆ ಬೇರೂರಲಿಲ್ಲವೆಂದು ಜರ್ಮನಿಯ ವೆರ್ನರ್ ಸೊಂಬಾರ್ಟನು 1906ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಕೂಲಿಗಾರರ ಒಗ್ಗಟ್ಟಿಗೆ ಹೆದರಿದ ಬಿಸ್ಮಾರ್ಕನು 1883ರಲ್ಲಿ ರೋಗಿಗಳಿಗೂ, 1884ರಲ್ಲಿ ಅಪಘಾತಕ್ಕೊಳಗಾದವರಿಗೂ, 1889ರಲ್ಲಿ ವೃದ್ಧರಿಗೂ ವಿಮೆಯ ಏರ್ಪಾಡನ್ನು ಮಾಡಿಸಿದನು. ದಯೆಗಿಂತ ದಾಕ್ಷಿಣ್ಯ, ದಾಕ್ಷಿಣ್ಯಕ್ಕಿಂತ ಭಯ ಅಲ್ಲಿ ಪ್ರಬಲವಾಗಿದ್ದಿತು. ಉಂಡವನಿಗೆ ಆ ವಿಚಾರವೇಕೆ? ಅಮೆರಿಕದಲ್ಲಿ ಅಂತಹ ವೃದ್ಧಾಪ್ಯದ ರಕ್ಷಣೆ ರಾಷ್ಟ್ರಕ್ಕೆಲ್ಲ ಬಂದುದು 1935ರಲ್ಲಿ, ಅದೂ 1929ರ ಮಹಾಕುಸಿತದಲ್ಲಿ ಲಕ್ಷಾಂತರ ಜನರು ಬೀದಿಗೆ ಬಿದ್ದ ಮೇಲೆ. ತನ್ನ ಕಷ್ಟಕ್ಕೆ ತಾನೇ ಹೊಣೆಯೆಂಬ ಭಾವನೆ ಅಲ್ಲಿ ಅಷ್ಟು ಆಳವಾಗಿ ಇಳಿದಿದ್ದಿತು.

ಸೆರೆಮನೆಗಳ ವಿಷಯವೇ ಉಳಿಯಿತು. ಫಿಲಡೆಲ್ಫಿಯದಲ್ಲಿ 1829ರಲ್ಲಿ ತೆರೆದಿದ್ದ ಹೊಸ ಸೆರೆಮನೆಯಲ್ಲಿ ಒಬ್ಬೊಬ್ಬ ಕೈದಿಯನ್ನೂ ಒಂಟಿಯಾಗಿಡುತ್ತಿದ್ದರು. ಏಕಾಂತದಲ್ಲಿ ಪಶ್ಚಾತ್ತಾಪ ಹುಟ್ಟುವುದೆಂಬ ನಂಬಿಕೆ. ತೋಕ್ವಿಲನು ಕೋಣೆಕೋಣೆಗೂ ಹೋಗಿ ಕೈದಿಗಳೊಡನೆ ಒಬ್ಬನೇ ಕುಳಿತು ಮಾತನಾಡಿದನು. 1833ರಲ್ಲಿ ವರದಿಯು ಪ್ರಕಟವಾಯಿತು. ಆಗ ಯೂರೋಪು ಅಮೆರಿಕದಿಂದ ಕಲಿಯುತ್ತಿದ್ದಿತು. ತೋಕ್ವಿಲನು ಕಾಡು ನೋಡಲೆಂದು ಹೋಗಿದ್ದ ಮಿಷಿಗನ್ ಪ್ರಾಂತವು ಸಂಸ್ಥಾನವಾದ ಮೇಲೆ, 1846ರಲ್ಲಿ, ರಾಜ್ಯದ್ರೋಹವೊಂದನ್ನುಳಿದು ಮಿಕ್ಕ ಅಪರಾಧಗಳಿಗೆ ಮರಣದಂಡನೆಯನ್ನು ರದ್ದುಮಾಡಿತು. ಫ್ರಾನ್ಸು ಅದನ್ನು ತೆಗೆದುದು 1981ರಲ್ಲಿ, ಅದೂ ಜನರಲ್ಲಿ ಬಹುಮಂದಿ ಒಪ್ಪದಿದ್ದಾಗ, ಪಾರ್ಲಿಮೆಂಟು ಮುಂದೆ ನಿಂತು. ಇಂದು ಯೂರೋಪಿನಲ್ಲಿ ಬೆಲಾರೂಸನ್ನು ಬಿಟ್ಟರೆ ಅದನ್ನು ನಡೆಸುವ ದೇಶವಿಲ್ಲ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಅದು ನಿಂತಿದೆ. ಅಲ್ಲಿ ಬಹುಪಾಲು ಸಂಸ್ಥಾನಗಳಲ್ಲಿ ಸರ್ಕಾರದ ವಕೀಲನನ್ನು ಜನರೇ ಮತಕೊಟ್ಟು ಆರಿಸುತ್ತಾರೆ, ಹಲವೆಡೆ ನ್ಯಾಯಾಧಿಪತಿಯನ್ನೂ ಹಾಗೆಯೇ. ಬೇಲಿ ನೋಡುವವನನ್ನು ಆರಿಸಿದ ಊರೇ ಕೊರಳಿನ ವಿಚಾರವನ್ನೂ ತನ್ನ ಕೈಯಲ್ಲಿಟ್ಟುಕೊಂಡಿದೆ.