ಹಿಂದಕ್ಕೆ ಹರಿಯುವ ನೀರು: ಸರದಿ ಪೂರೈಕೆ ಮತ್ತು ಕೊಳವೆಯೊಳಗಿನ ಒತ್ತಡ

ಕುಡಿಯುವ ನೀರು ಕೆಟ್ಟಿತೆಂದರೆ ನಮ್ಮಲ್ಲಿ ವಿಚಾರಣೆ ನಡೆಯುವುದು ಎರಡೇ ಕಡೆ, ಜಲಮೂಲದಲ್ಲಿ ಮತ್ತು ಶುದ್ಧೀಕರಣ ಘಟಕದಲ್ಲಿ. ಘಟಕದಿಂದ ಹೊರಟ ನೀರು ನೆಲದಡಿಯ ಕೊಳವೆಯಲ್ಲಿ ಯಾವ ದಿಕ್ಕಿಗೆ ಹರಿಯಿತು ಎಂದು ಕೇಳುವವರು ಕಡಿಮೆ. ನೀರನ್ನು ಮನೆಯತ್ತ ನೂಕುವುದು ಒತ್ತಡ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕುಸಿದೊಡನೆ ಮನೆಯ ಡ್ರಮ್ಮಿನಿಂದ, ಒದ್ದೆ ಮಣ್ಣಿನಿಂದ, ಪಕ್ಕದ ಚರಂಡಿಯಿಂದ ನೀರು ಕೊಳವೆಯೊಳಕ್ಕೆ ಸೇರುತ್ತದೆ. ಈ ಹಿಮ್ಮುಖ ಹರಿವನ್ನು ಪ್ಲಂಬರನ ತಪ್ಪು ಅಥವಾ ಅಪರೂಪದ ಅವಘಡ ಎಂದು ಕಾಣುವುದು ರೂಢಿ. ಆದರೆ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆ ನೀರು ಬಿಡುವ ಊರುಗಳಲ್ಲಿ ಅದು ಪೂರೈಕೆಯ ಕ್ರಮದಲ್ಲೇ ಸೇರಿಹೋಗಿದೆ. ಶುದ್ಧೀಕರಣಕ್ಕೆ ಎಷ್ಟೇ ಹಣ ಸುರಿದರೂ ಕೊಳವೆ ಖಾಲಿಯಾಗುವುದು ನಿಲ್ಲದೆ ನಲ್ಲಿಯ ನೀರಿಗೆ ಭರವಸೆಯಿಲ್ಲ.

ಒತ್ತಡ ಒಮ್ಮೆ ಕುಸಿದರೂ ಏನಾಗಬಹುದು ಎಂಬುದಕ್ಕೆ 1969ರ ಪ್ರಕರಣವೊಂದು ಸಾಕ್ಷಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೆಪಟೈಟಿಸ್ ತಗುಲಿ, ಆಟಗಾರರು ಮತ್ತು ತರಬೇತುದಾರರು ಸೇರಿ 97 ಮಂದಿಯಲ್ಲಿ 90 ಮಂದಿ ಸೋಂಕಿತರಾದರು. ಹತ್ತಿರದಲ್ಲಿ ಬಿದ್ದ ಬೆಂಕಿ ನಂದಿಸಲು ನೀರೆಳೆದಾಗ ಮೈದಾನದ ಕೊಳವೆಯಲ್ಲಿ ಒತ್ತಡ ಇಳಿದಿತ್ತು. ಹುಲ್ಲಿಗೆ ನೀರು ಹಾಯಿಸಲು ನೆಲದೊಳಗೆ ಹುಗಿದಿದ್ದ ನಲ್ಲಿ ಪೆಟ್ಟಿಗೆಗಳಲ್ಲಿ ನಿಂತಿದ್ದ ಕೊಳಕು ನೀರು ಆಗ ಒಳಗೆ ಸೆಳೆಯಲ್ಪಟ್ಟಿತು. ಸೋಂಕಿದ್ದ ಮಕ್ಕಳು ಅಲ್ಲಿ ಆಡುತ್ತಿದ್ದರು. ನಿರಂತರ ಪೂರೈಕೆಯಿದ್ದ ನಗರದಲ್ಲಿ ಒತ್ತಡದ ಒಂದೇ ಕುಸಿತ ತಂಡವನ್ನೇ ಮಲಗಿಸಿತು. ನಮ್ಮ ಊರುಗಳಲ್ಲಾದರೋ ಇಂಥ ಕುಸಿತ ಪ್ರತಿ ಸರದಿಗೂ ಸಂಭವಿಸುತ್ತದೆ. ವಾಲ್‌ಮನ್ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಾಗ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ಓಣಿಯ ನಲ್ಲಿಗಳತ್ತ ಇಳಿಯುತ್ತದೆ, ಎತ್ತರದ ಓಣಿಯ ಕೊಳವೆ ಬರಿದಾಗಿ ಹೀರತೊಡಗುತ್ತದೆ. ಅಲ್ಲಿ ಯಾವುದೋ ಅಂಗಳದಲ್ಲಿ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಡ್ರಮ್ಮಿನ ನೀರಿನಲ್ಲಿ ಮುಳುಗಿದ್ದರೆ, ತುಂಬಿದ್ದ ಡ್ರಮ್ಮು ನಿಧಾನವಾಗಿ ಇಳಿಯತೊಡಗುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ಮನೆಯಿದ್ದರಂತೂ ಅದರ ಎಳೆತಕ್ಕೆ ಸಡಿಲ ಜಾಯಿಂಟುಗಳ ಸುತ್ತಲಿನ ಕೆಸರುನೀರೂ ಒಳಬರುತ್ತದೆ.

ಇದು ಬರೀ ತರ್ಕವಲ್ಲ ಎಂದು ತೋರಿಸಿದ್ದು ಹುಬ್ಬಳ್ಳಿ-ಧಾರವಾಡ. 2008ರ ಹೊತ್ತಿಗೆ ಅಲ್ಲಿನ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು, ಉಳಿದವು ಸರದಿಯಲ್ಲೇ ಉಳಿದವು. ಎರಡಕ್ಕೂ ಅವೇ ಘಟಕಗಳ ನೀರು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರದಿ ವಾರ್ಡುಗಳ ನಲ್ಲಿ ಮಾದರಿಗಳಲ್ಲಿ ಶೇ. 31.7ರಲ್ಲಿ ಇ. ಕೋಲಿ ಸಿಕ್ಕಿತು, ನಿರಂತರ ಪೂರೈಕೆಯ ವಾರ್ಡುಗಳಲ್ಲಿ ಶೇ. 0.7ರಲ್ಲಿ ಮಾತ್ರ. ಮೂಲವೂ ಶುದ್ಧೀಕರಣವೂ ಒಂದೇ ಆಗಿರುವಾಗ ಈ ಅಂತರ ಹುಟ್ಟಿದ್ದು ದಾರಿಯಲ್ಲಿ ಎನ್ನದೆ ವಿಧಿಯಿಲ್ಲ. ನಿರಂತರ ಪೂರೈಕೆಯ ವಾರ್ಡುಗಳಲ್ಲಿ ಕೊಳವೆಗಳನ್ನೂ ಬದಲಿಸಿದ್ದರಿಂದ ಶ್ರೇಯವೆಲ್ಲ ಒತ್ತಡದ್ದಲ್ಲ ಎನ್ನಬಹುದು, ಒಪ್ಪತಕ್ಕ ಮಾತೇ. ಆದರೂ ಹೊಸ ಜಾಯಿಂಟೂ ಮುಂದೊಂದು ದಿನ ಸೋರುತ್ತದೆ. ಒತ್ತಡವಿರುವವರೆಗೆ ಆ ಸೋರಿಕೆಯಿಂದ ನೀರು ಹೊರಗೆ ಪೋಲಾಗುತ್ತದೆ, ಒತ್ತಡ ಹೋದಾಗ ಅದೇ ಬಿರುಕಿನಿಂದ ಕೊಳಕು ಒಳಗೆ ಬರುತ್ತದೆ.

ಕ್ಲೋರಿನ್ ಇದೆಯಲ್ಲ ಎಂಬ ಸಮಾಧಾನ ಹೆಚ್ಚು ದೂರ ಬರುವುದಿಲ್ಲ. ಭಾರತೀಯ ಮಾನಕವು ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆನ್ನುತ್ತದೆ. ಒಳಚರಂಡಿಯ ನೀರು ಬೆರೆತರೆ ಅದರಲ್ಲಿನ ಸಾವಯವ ಕಸವೇ ಇಷ್ಟನ್ನೂ ನುಂಗಿಬಿಡಬಲ್ಲದು. ಪ್ರತಿ ಮನೆಗೂ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಸಾಲದೇ? ಹಾಕಿಸಬೇಕು; ಆದರೆ ಮರಳೋ ಸುಣ್ಣದ ಪದರವೋ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಅದಕ್ಕಿಂತ ನೆಚ್ಚಬಹುದಾದದ್ದು ಗಾಳಿಯ ಅಂತರ: ನೀರು ಬೀಳುವ ಬಾಯಿ ತೊಟ್ಟಿಯ ಅಂಚಿಗಿಂತ ಕೊಳವೆಯ ವ್ಯಾಸದ ಎರಡು ಪಟ್ಟಾದರೂ ಮೇಲಿರಬೇಕು. ಕೆಡಲು ಅದರಲ್ಲಿ ಬಿಡಿಭಾಗವೇ ಇಲ್ಲ. ನಮ್ಮ ಎಷ್ಟೋ ಸಂಪುಗಳಲ್ಲಿ ಬೀದಿಯ ಕೊಳವೆ ನೀರಿನ ಮಟ್ಟಕ್ಕಿಂತ ಕೆಳಗೆ ತೆರೆದುಕೊಂಡಿರುವುದು ಕಳವಳದ ಸಂಗತಿ. ಹಾಗಿದ್ದರೂ ಗಾಳಿಯ ಅಂತರ ತಡೆಯುವುದು ಮನೆಯಿಂದ ಮರಳುವ ನೀರನ್ನು ಮಾತ್ರ. ರಸ್ತೆಯಡಿಯ ಬಿರುಕಿಗೆ ಒತ್ತಡವೊಂದೇ ಕಾವಲು.

ಗಟ್ಟಿಯಾದ ಆಕ್ಷೇಪ ಆರೋಗ್ಯದ ಕಡೆಯಿಂದ ಬರುತ್ತದೆ. ಅದೇ ಅವಳಿ ನಗರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಒಟ್ಟಾರೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ಕೈ, ಆಹಾರ, ನೊಣ ಹೀಗೆ ಹಲವು ದಾರಿಗಳಿವೆ; ನಿರಂತರ ನೀರಿದ್ದರೂ ಬಿಂದಿಗೆಯಲ್ಲಿ ತುಂಬಿಡುವ ರೂಢಿ ಒಮ್ಮೆಲೇ ಹೋಗದು. ಅದೇ ಅಧ್ಯಯನದಲ್ಲಿ ಟೈಫಾಯ್ಡ್ ಬಂದ ಮನೆಗಳು ನಿರಂತರ ಪೂರೈಕೆಯಲ್ಲಿ ಶೇ. 42ರಷ್ಟು ಕಡಿಮೆ, ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆ. ಫಿಲ್ಟರ್ ಕೊಳ್ಳಲಾಗದವರ ಮಕ್ಕಳಿಗೇ ಲಾಭವಾಗಿದೆ ಎಂಬುದನ್ನು ನಾನು ಸಣ್ಣ ಫಲವೆಂದು ಎಣಿಸಲಾರೆ. ಅಷ್ಟು ನೀರೆಲ್ಲಿದೆ ಎಂಬ ಪ್ರಶ್ನೆಗೂ ಉತ್ತರವಿದೆ: ಬೇಕಿರುವುದು ಧಾರಾಳ ನೀರಲ್ಲ, ಕೊಳವೆ ಬರಿದಾಗದಷ್ಟು ಒತ್ತಡ. ಒಂದಂತಸ್ತಿನ ಮನೆಗಳಿಗೆ 1999ರ ಸರ್ಕಾರಿ ಕೈಪಿಡಿ ಕೇಳಿದ್ದೇ 7 ಮೀಟರ್ ಎತ್ತರದ ನೀರಿನಷ್ಟು ಒತ್ತಡ. ಸೋರಿಕೆ ಮುಚ್ಚಿ, ಮೀಟರ್ ಹಾಕಿ ಇದನ್ನು ವಾರ್ಡುವಾರು ಸಾಧಿಸಬಹುದು. ಅಲ್ಲಿಯವರೆಗೆ ನಗರಸಭೆಗಳು ತಲಾ ಎಷ್ಟು ಲೀಟರ್ ಕೊಟ್ಟೆವೆಂಬ ಲೆಕ್ಕದ ಪಕ್ಕದಲ್ಲೇ, ಎತ್ತರದ ಓಣಿಯ ಕೊನೆಯ ನಲ್ಲಿಯಲ್ಲಿ ಒತ್ತಡ ಎಷ್ಟು ಗಂಟೆ ಸೊನ್ನೆಗಿಳಿದಿತ್ತು ಎಂಬುದನ್ನೂ ಅಳೆದು ಪ್ರಕಟಿಸಬೇಕು.